ಪದಚರ್ಚೆ: ‘ಬಂಧಿತ ಎಲೆಕ್ಟ್ರಾನ್’, ‘ತಿದ್ದುಪಡಿ’ – ಫಲಕಕ್ಕೆ ಪದ ಬೇಕು, ಗುರುವಾರದೊಳಗೆ

ಬದಿಯಡ್ಕದಿಂದ:

ಮಾನ್ಯರೇ,

ಶುಕ್ರವಾರ ನಮ್ಮ ಶಾಲೆಯಲ್ಲಿ ವಿಜ್ಞಾನ ಮೇಳ. ಮಲಯಾಳ ಫಲಕ ಬರೆದಾಗಿದೆ. ಕನ್ನಡದ್ದು ತಲೆಬರಹದಲ್ಲೇ ನಿಂತಿದೆ. ‘ಬಂಧಿತ ಎಲೆಕ್ಟ್ರಾನಿನ ಕಾಂತಗುಣಕ್ಕೆ ಕ್ವಾಂಟಮ್ ತಿದ್ದುಪಡಿ’ ಎಂದು ಪೇಂಟರ್ ಪೆನ್ಸಿಲಿನಲ್ಲಿ ಬರೆದಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಓದಿ, “ಟೀಚರ್, ಎಲೆಕ್ಟ್ರಾನ್ ಏನು ತಪ್ಪು ಮಾಡಿತು?” ಎಂದು ಕೇಳಿದಳು. ಬಣ್ಣ ಹಚ್ಚುವುದು ಬೇಡ ಎಂದೆ.

ವಿಷಯ ಇಷ್ಟು. ಎಲೆಕ್ಟ್ರಾನ್ ಒಂದು ಪುಟ್ಟ ಅಯಸ್ಕಾಂತ. ಅದರ ಗಿರಕಿಗೂ (ಸ್ಪಿನ್) ಕಾಂತಗುಣಕ್ಕೂ ಇರುವ ನಂಟನ್ನು ಹೇಳುವ ಸಂಖ್ಯೆ ‘ಜಿ’. 1928ರ ಡಿರಾಕ್ ಸಮೀಕರಣದಂತೆ ಬಿಡಿ ಎಲೆಕ್ಟ್ರಾನಿಗೆ ಇದು 2. ನ್ಯೂಕ್ಲಿಯಸ್ಸಿನ ಹಿಡಿತದಲ್ಲಿದ್ದರೆ ಕೊಂಚ ಕಡಿಮೆ. ಎಷ್ಟು ಕಡಿಮೆ ಎಂದು ಅದೇ ವರ್ಷ ಭೌತವಿಜ್ಞಾನಿ ಬ್ರೈಟ್ ಲೆಕ್ಕ ಹಾಕಿದರು. ಐದು ಎಲೆಕ್ಟ್ರಾನ್ ಕಳಚಿ ಒಂದನ್ನೇ ಉಳಿಸಿದ ಕಾರ್ಬನ್ನಿಗೆ ಆ ಲೆಕ್ಕದಲ್ಲಿ 1.99872 ಬರುತ್ತದೆ. ಜರ್ಮನಿಯ ಮೈಂಜ್‌ನಲ್ಲಿ ಅಳೆದಾಗ ಸಿಕ್ಕಿದ್ದು 2.00104. ನಡುವಿನ 0.00232ರಲ್ಲಿ ಬಹುಪಾಲು, ಎಲೆಕ್ಟ್ರಾನ್ ಬೆಳಕಿನ ಕಣವೊಂದನ್ನು ತಾನೇ ಹೊರಬಿಟ್ಟು ತಾನೇ ಒಳಗೆಳೆದುಕೊಳ್ಳುವುದರಿಂದ ಬರುವಂಥದ್ದು. ಶ್ವಿಂಗರ್ 1948ರಲ್ಲಿ ಲೆಕ್ಕ ಮಾಡಿ ತೋರಿಸಿದರು. ಅಂದರೆ ಮೊದಲ ಲೆಕ್ಕಕ್ಕೆ ಬಾಕಿ ಬಂದು ಸೇರುತ್ತಿದೆ. ಈ ಸೇರುವಿಕೆಗೆ ಏನೆನ್ನಲಿ? ‘ಬಂಧಿತ’ದ ಜಾಗಕ್ಕೆ ಏನು ಹಾಕಲಿ?

ಕುಂಬಳೆಯಿಂದ:

ತಿದ್ದುಪಡಿ ಸಂವಿಧಾನಕ್ಕೆ, ಬಂಧಿತ ಪೊಲೀಸ್ ಠಾಣೆಗೆ. ಎರಡೂ ಬೇಡ. ‘ಪರಿಷ್ಕಾರ’, ‘ಬದ್ಧ’ ಎಂದು ಬರೆಯಿರಿ. ಶಾಸ್ತ್ರಕ್ಕೆ ಸಂಸ್ಕೃತವೇ ಗತಿ. ಮಲಯಾಳ ಓದಿದವರಿಗೂ ತಿಳಿಯುತ್ತದೆ.

ಮಂಜೇಶ್ವರದಿಂದ:

ಮಲಯಾಳ ಓದಿದವರಿಗೆ ಪಕ್ಕದಲ್ಲೇ ಫಲಕವಿದೆಯಲ್ಲ! ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿ ಕನ್ನಡ ಫಲಕ ಬೇಕೆಂದು ಕೇಳುತ್ತಾ ಬಂದವರು ನಾವು. ಕೊನೆಗೆ ಆ ಫಲಕದಲ್ಲಿ ಕನ್ನಡವೇ ಇಲ್ಲದಿದ್ದರೆ ಕೇಳಿದ್ದು ಯಾತಕ್ಕೆ? ‘ಬದ್ಧ’ವನ್ನು ಪತ್ರಿಕೆಗಳು ‘ಸರ್ಕಾರ ಬದ್ಧ’ ಎಂದು ಬರೆದು ಸವೆಸಿವೆ. ಕಾಂತವೂ ಬೇಡ, ಅಚ್ಚಗನ್ನಡದ ‘ಸೂಜಿಗಲ್ಲು’ ಇದೆ. ‘ಕಟ್ಟುಬಿದ್ದ ಕಣದ ಸೂಜಿಗಲ್ಲುತನ’ ಎನ್ನಿ.

ಕುಂಬಳೆಯಿಂದ:

ಸೂಜಿ ಎಂಬುದು ‘ಸೂಚಿ’ಯ ತದ್ಭವ. ‘ಕಣ’ವೂ ಸಂಸ್ಕೃತ. ಅಚ್ಚಗನ್ನಡ ಎನ್ನುವ ಮೊದಲು ನಿಘಂಟು ತೆರೆಯಿರಿ.

ಪೆರ್ಲದಿಂದ:

ಟೀಚರ್, ಇವರಿಬ್ಬರ ಜಗಳ ಶುಕ್ರವಾರಕ್ಕೆ ಮುಗಿಯುವುದಿಲ್ಲ. ‘ತಿದ್ದು’ ಎಂಬ ಧಾತುವನ್ನು ಮಾತ್ರ ಬಿಡಬೇಡಿ. ಹಳಗನ್ನಡದಲ್ಲಿ ಅದು ತಿರ್ದು. ಇರ್ದ ಎಂಬುದು ಇದ್ದ ಆದ ಹಾಗೆ ತಿರ್ದು ತಿದ್ದು ಆಯಿತು. ತಮಿಳು, ಮಲಯಾಳಗಳ ತಿರುತ್ತು ಇದರ ಒಡಹುಟ್ಟು. ತಪ್ಪಿನ ಅರ್ಥವೊಂದೇ ಇದಕ್ಕಿದ್ದರೆ ಹಣೆಗೆ ತಿಲಕ ತಿದ್ದುವುದು ಹೇಗೆ? ಹಣೆಯಲ್ಲಿ ತಪ್ಪಿತ್ತೇ? ಮಗು ಅಕ್ಕಿಯ ಮೇಲೆ ಅಕ್ಷರ ತಿದ್ದುತ್ತದೆ: ಬೆರಳು ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹೋಗುತ್ತದೆ, ಒಂದೊಂದು ಸಲಕ್ಕೂ ರೂಪ ಒಂದಿಷ್ಟು ಖಚಿತವಾಗುತ್ತದೆ. ನಿಮ್ಮ ಲೆಕ್ಕ ನಡೆಯುವುದೂ ಹಾಗೆಯೇ. ಮೊದಲ ಗೆರೆ ಡಿರಾಕನದು, ಅದರ ಮೇಲೆ ಶ್ವಿಂಗರನದು, ಮೇಲೆ ಇನ್ನೂ ಸಣ್ಣವು. ಕೆಡಿಸಿದ್ದು ‘ಪಡಿ’ ಎಂಬ ಬಾಲ. ಶಾಸನಸಭೆಯ ವಾಸನೆ ಅದರದು. ‘ತಿದ್ದಿಕೆ’ ಎಂದರೆ ಸಾಕು. ಪರಿಷ್ಕಾರ ಖಂಡಿತ ಬೇಡ, ಬಸ್ ದರಕ್ಕಿರಲಿ.

ಇನ್ನೊಂದು ಪದ ನಿಮ್ಮ ಪತ್ರದಲ್ಲೇ ಇದೆ. ‘ನ್ಯೂಕ್ಲಿಯಸ್ಸಿನ ಹಿಡಿತದಲ್ಲಿ’ ಎಂದು ನೀವೇ ಬರೆದಿದ್ದೀರಿ. ಬಂಧಿತ ಎಂದರೆ ಒಳಗೆ ಅಥವಾ ಹೊರಗೆ, ಅಷ್ಟೇ. ಹಿಡಿತದಲ್ಲಿ ಬಿಗಿಯೂ ಉಂಟು, ಸಡಿಲವೂ ಉಂಟು. 2023ರಲ್ಲಿ ಹೈಡೆಲ್‌ಬರ್ಗ್‌ನವರು ಒಂದೇ ಎಲೆಕ್ಟ್ರಾನ್ ಉಳಿದ ತವರವನ್ನು ಅಳೆದರು. ಅಲ್ಲಿ ನ್ಯೂಕ್ಲಿಯಸ್ಸಿನಲ್ಲಿ 50 ಪ್ರೋಟಾನುಗಳು, ಕಾರ್ಬನ್ನಿನಲ್ಲಿ 6. ತವರದಲ್ಲಿ ಜಿ 1.91ಕ್ಕೆ ಇಳಿದಿದೆ. ಬಿಗಿ ಹಿಡಿತ ಎಂದರೆ ಅದು! ‘ಬಿಗಿ ಬಂಧಿತ’ ಎಂದು ಯಾರು ಬರೆಯುತ್ತಾರೆ?

ಎಲೆಕ್ಟ್ರಾನನ್ನು ಮುಟ್ಟಬೇಡಿ. ಗ್ರೀಕರ ಶಿಲಾರಾಳದ ಹೆಸರದು, ಬಹಳಷ್ಟು ಭಾಷೆಗಳು ಹಾಗೆಯೇ ತೆಗೆದುಕೊಂಡಿವೆ.

ಮಂಜೇಶ್ವರದಿಂದ:

‘ಹಿಡಿತ’ ಒಪ್ಪಿದೆ. ಕಾಂತದ ವಿಷಯದಲ್ಲಿ ನನ್ನ ಮಾತು ನಿಂತಿದೆ.

ಬದಿಯಡ್ಕದಿಂದ:

ಎಲ್ಲರಿಗೂ ವಂದನೆಗಳು. ‘ಹಿಡಿತದ ಎಲೆಕ್ಟ್ರಾನ್: ಕಾಂತಗುಣಕ್ಕೆ ಕ್ವಾಂಟಮ್ ತಿದ್ದಿಕೆ’ ಎಂದು ಈಗಷ್ಟೇ ಪೇಂಟರಿಗೆ ಕೊಟ್ಟೆ. ಮಲಯಾಳ ಫಲಕದಲ್ಲಿ ‘ತಿರುತ್ತಲ್’ ಎಂದಿತ್ತು. ಎರಡೂ ಲಿಪಿ ಬರೆಯುವ ಅವರೇ ಎರಡು ಪದಗಳ ಕೆಳಗೂ ಬೆರಳಿಟ್ಟು, “ಇದು ಒಂದೇ ಅಲ್ಲವಾ ಟೀಚರ್?” ಎಂದರು. ತಿದ್ದಿಕೆಗೆ ಕೆಂಪು ಬಣ್ಣ ಹಚ್ಚಲು ಹೇಳಿದ್ದೇನೆ.

ಮೇಳ ಮುಗಿದ ಮೇಲೆ, ಇದೇ ಲೆಕ್ಕದ ಇನ್ನೊಂದು ತಿದ್ದಿಕೆಯಾದ ‘ನಿರ್ವಾತ ಧ್ರುವೀಕರಣ’ವನ್ನು ಕೇಳುತ್ತೇನೆ. ಚುನಾವಣೆಯ ವರದಿಗಳು ಆ ಪದವನ್ನೂ ಬಿಟ್ಟಿಲ್ಲ.