ಪೇಟೆಯ ಕಛೇರಿ, ದಂಡಿನ ಬ್ಯಾಂಡು: ಬೆಂಗಳೂರಿಗರು ಒಟ್ಟಿಗೆ ಕೂತು ಕೇಳಿದ್ದು ಎಲ್ಲಿ?

ಪ್ರಶ್ನೆ (ಗಾಂಧಿಬಜಾರಿನವ):

ನಮ್ಮ ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಬೆಂಗಳೂರಿನ ಸಂಗೀತ ಮತ್ತು ಮನರಂಜನೆಯ ಇತಿಹಾಸವನ್ನು ಕುರಿತು ಲೇಖನ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ಟಿಪ್ಪಣಿ ಮಾಡಿಕೊಳ್ಳುತ್ತಾ ಹೋದಂತೆ, ಒಂದರ ಮುಖ ಇನ್ನೊಂದು ನೋಡದ ಎರಡು ಕಥೆಗಳು ಎದುರಿಗೆ ನಿಂತಿವೆ. ಒಂದು ಕಥೆ 1905ರ ಗಾಯನ ಸಮಾಜದಿಂದ ಹೊರಟು, ಚಾಮರಾಜಪೇಟೆಯ ರಾಮನವಮಿ ಕಛೇರಿಗಳನ್ನು ಹಾದು, ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನದವರೆಗೆ ಬರುತ್ತದೆ. ಇನ್ನೊಂದು ಎಂ.ಜಿ. ರಸ್ತೆಯಲ್ಲಿ 1936ರಲ್ಲಿ ತೆರೆದ ಪ್ಲಾಜಾ ಚಿತ್ರಮಂದಿರದಿಂದ ಹೊರಟು, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ತಂಡಗಳು ಹಾಡಿದ ಅರಮನೆ ಮೈದಾನಕ್ಕೆ ಹೋಗಿ ಮುಟ್ಟುತ್ತದೆ. ಈ ಎರಡೂ ಕಡೆಯ ಜನ ಒಂದೇ ಕಡೆ ಕೂತು ಕೇಳಿದ, ನೋಡಿದ ಜಾಗ ಯಾವುದಾದರೂ ಇತ್ತೇ? ಇಲ್ಲವಾದರೆ ನಾನು ಎರಡು ಲೇಖನ ಬರೆಯುವುದೇ ಸರಿಯೇ?

ಉತ್ತರ 1 (ಕೋಟೆ ಬೀದಿ):

ಎರಡು ಕಥೆಗಳಾದದ್ದಕ್ಕೆ ರುಚಿಭೇದಕ್ಕಿಂತ ಆಡಳಿತವೇ ಹೆಚ್ಚಿನ ಕಾರಣ. ಪೇಟೆ, ಅಂದರೆ ಹಳೆಯ ಊರು, ಮೈಸೂರು ಮಹಾರಾಜರದು; ದಂಡು, ಅಂದರೆ ಕಂಟೋನ್ಮೆಂಟ್, 1947ರವರೆಗೆ ಬ್ರಿಟಿಷರ ಕೈಯಲ್ಲಿದ್ದದ್ದು. ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದವು, ಅವು ಸೇರಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಹೀಗಿರುವಾಗ ಸಭಾಂಗಣಗಳೂ ಬೇರೆಯಾಗಿದ್ದರೆ ಆಶ್ಚರ್ಯವಿಲ್ಲ.

ಆದರೆ ಒಟ್ಟಿಗೆ ಕೂತ ಜಾಗ ಯಾವುದೆಂದು ಕೇಳಿದರೆ ನಾನು ಕಟ್ಟಡಗಳನ್ನು ಬಿಟ್ಟು ಚಪ್ಪರದ ಕಡೆಗೆ ಕೈ ತೋರಿಸುತ್ತೇನೆ. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಉತ್ಸವ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಡೆದುಕೊಂಡು ಬಂದಿದೆ. ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಆ ವೇದಿಕೆಯಲ್ಲೇ ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದ್ದಾರೆ, ಭೀಮಸೇನ ಜೋಶಿಯವರು ಹಾಡಿದ್ದಾರೆ. ಕರ್ನಾಟಕ ಸಂಗೀತವನ್ನು ಬಿಟ್ಟು ಬೇರೆಯದಕ್ಕೆ ಕಿವಿಗೊಡದ ನಮ್ಮ ಬೀದಿಯ ಹಿರಿಯರಿಗೆ ಹಿಂದೂಸ್ತಾನಿಯ ಪರಿಚಯವಾದದ್ದು ಅಲ್ಲೇ.

ಟಿಕೆಟ್ಟಿಗೆ ಕಾಸಿಲ್ಲದ ನಾವು ಹುಡುಗರು ಹೊರಗಿನ ಕಾಂಪೌಂಡ್ ಗೋಡೆಗೆ ಒರಗಿಸಿದ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಕೇಳುತ್ತಿದ್ದೆವು. ಆಲಾಪನೆ ತಾರಸ್ಥಾಯಿಗೆ ಏರುವ ಹೊತ್ತಿಗೇ ಬಸ್ಸೊಂದು ಬ್ರೇಕ್ ಹಾಕಿ ಕಿರುಗುಟ್ಟುವುದು, ಒಳಗಿನವರು ಭಲೇ ಅನ್ನುವುದು, ಹೊರಗಿನವರು ಡ್ರೈವರನಿಗೆ ಶಾಪ ಹಾಕುವುದು, ಎಲ್ಲವೂ ಒಂದೇ ಕ್ಷಣದಲ್ಲಿ ನಡೆಯುತ್ತಿತ್ತು. ಮೃದಂಗದಂಥ ತಾಳವಾದ್ಯಗಳದ್ದೇ ಸರದಿಯಾದ ತನಿ ಆವರ್ತನ ಶುರುವಾದೊಡನೆ ಎದ್ದು ಕಾಫಿಗೆ ಹೋಗುವವರು ಟಿಕೆಟ್ ಕೊಂಡವರೇ. ಗೋಡೆಯಾಚೆಯ ನಾವು ತಾಳ ಹಾಕುತ್ತಾ ಕೊನೆಯವರೆಗೂ ಕೂರುತ್ತಿದ್ದೆವು. ನಿಮ್ಮ ಲೇಖನದಲ್ಲಿ ಆ ಗೋಡೆಯ ಹೊರಗಿನ ಶ್ರೋತೃಗಳಿಗೆ ಒಂದು ಪ್ಯಾರಾ ಆದರೂ ಇರಲಿ.

ಉತ್ತರ 2 (ಹಲಸೂರು ಕೆರೆ ಏರಿ):

ಕೋಟೆ ಬೀದಿಯವರ ನೆನಪು ಸೊಗಸಾಗಿದೆ, ಆದರೆ ಆ ಗೋಡೆಯ ಒಳಗೂ ಹೊರಗೂ ಇದ್ದವರು ಹೆಚ್ಚಾಗಿ ಪೇಟೆಯವರೇ ಅಲ್ಲವೇ? ಪ್ರಶ್ನೆ ಕೇಳಿದವರೂ ದಂಡು ಎಂದರೆ ಎಂ.ಜಿ. ರಸ್ತೆ ಮತ್ತು ಇಂಗ್ಲಿಷ್ ಹಾಡು ಎಂದು ಹಿಡಿದಂತಿದೆ. ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಸಹ ದಂಡೇ; ಅಲ್ಲಿ ಮನೆಮಾತು ತಮಿಳು, ದಖನಿ ಉರ್ದು. ನಮ್ಮಲ್ಲಿ ಎಲ್ಗಿನ್ ಟಾಕೀಸಿಗೆ ಹೋದಷ್ಟು ಜನ ಪ್ಲಾಜಾದ ಮೆಟ್ಟಿಲು ಹತ್ತಿದವರಲ್ಲ. ಅಂದ ಹಾಗೆ, ಪ್ಲಾಜಾ ಇದ್ದ ಜಾಗದಲ್ಲಿ ಈಗ ಮೆಟ್ರೊ ನಿಲ್ದಾಣವಿದೆ.

ಎರಡೂ ಊರಿನ ಗಡಿಯಲ್ಲಿ ನಿಂತಿದ್ದು ಕಬ್ಬನ್ ಪಾರ್ಕಿನ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡ್. ಸೇನೆಯ ಬ್ಯಾಂಡು ಅಲ್ಲಿ ಸಂಜೆ ಬಾರಿಸುತ್ತಿದ್ದದ್ದು ಸಾಹೇಬರ ಮನೋರಂಜನೆಗೆ, ನಿಜ. ಆದರೆ ತೆರೆದ ಉದ್ಯಾನದಲ್ಲಿ ಕಹಳೆಯ ದನಿ ಯಾರ ಕಿವಿಗೆ ಬೀಳಬೇಕು, ಯಾರ ಕಿವಿಗೆ ಬೀಳಬಾರದು ಎಂದು ಕಟ್ಟಳೆ ಮಾಡಲಾಗುವುದಿಲ್ಲ. ದಂಡಿನ ವಾದ್ಯಮೇಳದ ಪರಂಪರೆಯನ್ನು ಮುಂದೆ ತರುವುದಾದರೆ ಬಿದ್ದು (Biddu) ಎಂಬ ಸಂಗೀತ ನಿರ್ಮಾಪಕರನ್ನು ಮರೆಯಬೇಡಿ. ಬೆಂಗಳೂರಿನಲ್ಲಿ ಹುಟ್ಟಿ, ಟ್ರೋಜನ್ಸ್ ಎಂಬ ಬ್ಯಾಂಡಿನಲ್ಲಿ ಹಾಡಿ, ಇಂಗ್ಲೆಂಡಿಗೆ ಹೋದ ಅವರು ನಿರ್ಮಿಸಿದ ಡಿಸ್ಕೊ ಹಾಡೊಂದು 1974ರಲ್ಲಿ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು.

ಉತ್ತರ 3 (ಬಾಲ್ಕನಿ ಟಿಕೆಟ್):

ಚಪ್ಪರವೂ ಅಲ್ಲ, ಪಾರ್ಕೂ ಅಲ್ಲ. ಒಟ್ಟಿಗೆ ಕೂತದ್ದು ಮೆಜೆಸ್ಟಿಕ್‌ನಲ್ಲಿ. ಒಂದು ಚಿತ್ರಮಂದಿರದ ಹೆಸರು ಇಡೀ ಪ್ರದೇಶದ ಹೆಸರಾಗಿ, ಕೊನೆಗೆ ಬಸ್ಸಿನ ಬೋರ್ಡಿನ ಮೇಲೂ ಕೂತ ಊರು ಇದು. ರೈಲು ನಿಲ್ದಾಣ ಎದುರಿಗೇ, ಬತ್ತಿದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ. ಮಾಗಡಿಯಿಂದ ಬಂದವರಿಗೂ ಹಲಸೂರಿನಿಂದ ಬಂದವರಿಗೂ ಇಳಿಯುವ ಜಾಗ ಒಂದೇ ಆದ್ದರಿಂದ ಕೆಂಪೇಗೌಡ ರಸ್ತೆಯ ಸುತ್ತ ಸಾಗರ್, ಸ್ಟೇಟ್ಸ್, ತ್ರಿವೇಣಿ, ಸಂತೋಷ್, ನರ್ತಕಿ, ಕಪಾಲಿಗಳು ಸಾಲುಗಟ್ಟಿದವು. ಪಕ್ಕದ ಗಾಂಧಿನಗರದಲ್ಲೇ ಗುಬ್ಬಿ ವೀರಣ್ಣನವರ ರಂಗಮಂದಿರ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಮೂವರೂ ಗುಬ್ಬಿ ಕಂಪನಿಯ ನಾಟಕಗಳಲ್ಲಿ ಬಣ್ಣ ಹಚ್ಚಿದವರೇ, ಆದ್ದರಿಂದ ನಾಟಕದ ಇತಿಹಾಸವನ್ನೂ ಸಿನಿಮಾದ ಇತಿಹಾಸವನ್ನೂ ಇಲ್ಲಿ ಬೇರ್ಪಡಿಸಿ ಬರೆಯಲಾಗುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಕಂಡದ್ದು ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಮೌಂಟ್ ಟಾಕೀಸಿನಲ್ಲಿ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರಂಥ ಮುಖ್ಯ ನಟರು ವೃತ್ತಿರಂಗಭೂಮಿಯವರು. ಬೆಂಗಳೂರಿನ ಪಾಲಿಗೆ ಬಂದದ್ದು ನೋಡುವ ಕೆಲಸ ಮಾತ್ರ. ಆ ಕೆಲಸವನ್ನು ನಮ್ಮ ಊರು ಇವತ್ತಿಗೂ ಮನಸಾರೆ ಮಾಡುತ್ತಿದೆ.

ಪ್ರಶ್ನೆ ಕೇಳಿದವರ ಮರುನುಡಿ:

ದಂಡನ್ನು ಎಂ.ಜಿ. ರಸ್ತೆಗೆ ಇಳಿಸಿದ್ದು ನನ್ನ ತಪ್ಪು, ತಿದ್ದಿಕೊಳ್ಳುತ್ತೇನೆ. ಒಂದೇ ಲೇಖನ ಬರೆಯುತ್ತೇನೆ, ಬ್ಯಾಂಡ್‌ಸ್ಟ್ಯಾಂಡಿನಿಂದ ಶುರು ಮಾಡಿ ಮೆಜೆಸ್ಟಿಕ್ ಕಡೆಗೆ ಬರುತ್ತೇನೆ. ಕೋಟೆ ಬೀದಿಯವರು ಒಪ್ಪಿದರೆ ಸೈಕಲ್ ಕ್ಯಾರಿಯರಿನ ಪ್ರಸಂಗವನ್ನು ಹಾಗೆಯೇ ಬಳಸಿಕೊಳ್ಳಲೇ? ಮನೆಯಲ್ಲಿ 1949ಕ್ಕೂ ಮುಂಚೆ ಪೇಟೆಯಿಂದ ದಂಡಿಗೆ ಆಟ ನೋಡಲು ಹೋದ ಹಿರಿಯರು ಇದ್ದರೆ, ಯಾವ ಟಾಕೀಸು, ಹೋದದ್ದು ಜಟಕಾದಲ್ಲೋ ನಡೆದೋ ಎಂಬಷ್ಟನ್ನಾದರೂ ಕೇಳಿ ತಿಳಿಸಿ.