ಕೂಚ್ ಬೆಹಾರ್ ಗಡಿ: ತುಂಡಿನೊಳಗೆ ತುಂಡು ಬಂದಾಗ ಪಾಲಿಗಾನ್ ಕೆಡುತ್ತಿದೆ

ಪ್ರಶ್ನೆ:
ನಮಸ್ಕಾರ. 2015ಕ್ಕೆ ಮುಂಚಿನ ಭಾರತ–ಬಾಂಗ್ಲಾದೇಶ ಗಡಿಯ ನಕ್ಷೆ ಮಾಡುತ್ತಿದ್ದೇನೆ. ಪಶ್ಚಿಮ ಬಂಗಾಳದ ಕೂಚ್ ಬೆಹಾರ್ ಸುತ್ತ ಬಾಂಗ್ಲಾದೇಶದೊಳಗೆ ಭಾರತದ 111 ತುಂಡು (ಸುತ್ತಲೂ ಬೇರೆ ದೇಶದ ನೆಲವಿರುವ ಜಾಗ), ಭಾರತದೊಳಗೆ ಅವರ 51 ತುಂಡು ಇದ್ದವು. ಗೆರೆಗಳನ್ನು ಪೈಥಾನ್ ಸ್ಕ್ರಿಪ್ಟ್‌ನಿಂದ ಜಿಯೋಜೇಸನ್ (ನಕ್ಷೆಯ ಆಕಾರ ಬರೆದಿಡುವ ಫೈಲ್) ಮಾಡಿ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿದೆ. ದಹಲಾ ಖಾಗ್ರಾಬಾಡಿ ಎಂಬ ಭಾರತದ ತುಂಡಿನ ಹತ್ತಿರ ಮಾತ್ರ ಕೆಡುತ್ತಿದೆ. ಆಕಾರದ ದೋಷ ಹುಡುಕುವ ಚೆಕ್ ವ್ಯಾಲಿಡಿಟಿ ಓಡಿಸಿದರೆ ತೂತಿನೊಳಗೆ ತೂತು ಇದೆ ಎನ್ನುತ್ತದೆ. ಅಲ್ಲಿ ನಿಜಕ್ಕೂ ಹಾಗೇ ಇತ್ತಲ್ವಾ? ಎರಡು ದಿನದಿಂದ ಒದ್ದಾಡುತ್ತಿದ್ದೇನೆ.

ಉತ್ತರ:
ದಹಲಾ, ಅದನ್ನು ಸುತ್ತಿರುವ ಎರಡು ತುಂಡು, ಈ ಮೂರರ ಗೆರೆಗಳನ್ನೂ ಬಾಂಗ್ಲಾದೇಶದ ಒಂದೇ ಪಾಲಿಗಾನ್‌ನಲ್ಲಿ ಸೇರಿಸಿದ್ದೀರಾ?

ಕೇಳಿದವರು:
ಹೌದು ಸರ್. ಮೊದಲ ರಿಂಗ್ (ಮುಚ್ಚಿದ ಗೆರೆ) ಹೊರಗಡಿ, ಉಳಿದವೆಲ್ಲ ಅದರ ಹಿಂದೆ ಸಾಲಾಗಿ.

ಉತ್ತರ:
ತಪ್ಪಿರುವುದು ಅಲ್ಲೇ. ಜಿಯೋಜೇಸನ್ ಪಾಲಿಗಾನ್‌ನಲ್ಲಿ ಮೊದಲ ರಿಂಗ್ ನೆಲ, ಉಳಿದದ್ದೆಲ್ಲ ತೂತು. ತೂತಿನೊಳಗೆ ಮತ್ತೆ ನೆಲ ಬಂದರೆ ಅದಕ್ಕೆ ಅಲ್ಲಿ ಜಾಗವಿಲ್ಲ. ಅದು ಹಲವು ಪಾಲಿಗಾನ್ ಸೇರಿದ ಮಲ್ಟಿಪಾಲಿಗಾನ್‌ನ ಇನ್ನೊಂದು ಭಾಗ ಆಗಬೇಕು.

ಹೊರಗಿನಿಂದ ಒಳಗೆ ಹೋಗೋಣ. ಬಾಂಗ್ಲಾದೇಶದ ನೆಲದಲ್ಲಿ ಭಾರತದ ಬಾಲಾಪಾಡಾ ಖಾಗ್ರಾಬಾಡಿ. ಅದರೊಳಗೆ ಬಾಂಗ್ಲಾದೇಶದ ಒಂದು ತುಂಡು. ಆ ತುಂಡಿನೊಳಗೆ ಮತ್ತೆ ಭಾರತದ ದಹಲಾ ಖಾಗ್ರಾಬಾಡಿ. ಹಾಗಾಗಿ ಬಾಂಗ್ಲಾದೇಶಕ್ಕೆ ಇಲ್ಲಿ ಎರಡು ಭಾಗ: ಒಂದು, ಮುಖ್ಯ ನೆಲ, ಅದಕ್ಕೆ ಬಾಲಾಪಾಡಾ ಅಳತೆಯ ತೂತು; ಇನ್ನೊಂದು, ಒಳಗಿನ ತುಂಡು, ಅದಕ್ಕೆ ದಹಲಾ ಅಳತೆಯ ತೂತು. ಭಾರತಕ್ಕೆ ಮುಖ್ಯ ನೆಲ ಬಿಟ್ಟು ಎರಡು: ತೂತಿರುವ ಬಾಲಾಪಾಡಾ, ತೂತಿಲ್ಲದ ದಹಲಾ. ಯಾವ ತೂತಾದರೂ ತನ್ನನ್ನು ನೇರವಾಗಿ ಸುತ್ತಿರುವ ನೆಲಕ್ಕೆ ಮಾತ್ರ ಸೇರುತ್ತದೆ. ಸ್ಕ್ರಿಪ್ಟ್‌ನಲ್ಲಿ ಪ್ರತಿ ರಿಂಗ್‌ಗೂ ಆ ನೆಲ ಯಾವುದೆಂದು ಮೊದಲು ಹುಡುಕಿಸಿ, ಆಮೇಲೆ ಜೋಡಿಸಿ.

ಕೇಳಿದವರು:
ಬರೆದೆ, ದೋಷ ಹೋಯಿತು! ಆದರೆ ವೆಬ್‌ಗೆ ಹಾಕಿದ ಫೈಲಿನಲ್ಲಿ ದಹಲಾ ಕಾಣುತ್ತಲೇ ಇಲ್ಲ. ಸೈಜ್ ಜಾಸ್ತಿ ಆಯಿತೆಂದು ಸಿಂಪ್ಲಿಫೈ ಮಾಡಿದ್ದೆ (ಗೆರೆಯ ಸಣ್ಣ ತಿರುವು ತೆಗೆದು ಸರಳ ಮಾಡುವುದು), 0.001 ಡಿಗ್ರಿ.

ಉತ್ತರ:
0.001 ಡಿಗ್ರಿ ಅಂದರೆ ಸುಮಾರು 110 ಮೀಟರ್. ದಹಲಾ ಇದ್ದದ್ದೇ ಹೆಚ್ಚುಕಮ್ಮಿ 7,000 ಚದರ ಮೀಟರ್, ಒಂದು ಸೆಣಬಿನ ಹೊಲ. ಚೌಕ ಅಂದುಕೊಂಡರೂ ಬದಿಗೆ 84 ಮೀಟರ್ ಬರುತ್ತದೆ, ಉಳಿಯುವುದಾದರೂ ಹೇಗೆ? ಮ್ಯಾಪ್‌ಶೇಪರ್ ಎಂಬ ತಂತ್ರಾಂಶ ಬಳಸಿ. ಎರಡು ದೇಶಕ್ಕೂ ಸೇರಿದ ಗೆರೆಯನ್ನು ಅದು ಒಮ್ಮೆಯೇ ಸರಳ ಮಾಡುತ್ತದೆ, ನಡುವೆ ಸಂದು ಬೀಳುವುದಿಲ್ಲ. ಸಣ್ಣ ಆಕಾರ ಉಳಿಸುವ ಆಯ್ಕೆಯನ್ನೂ ಆನ್ ಮಾಡಿ. ಈ ತುಂಡುಗಳಲ್ಲಿದ್ದ ಜನರಿಗೆ ದಶಕಗಳ ಕಾಲ ಓಟು, ಆಸ್ಪತ್ರೆ ಯಾವುದೂ ನೆಟ್ಟಗೆ ಸಿಗಲಿಲ್ಲ. ಫೈಲ್ ಸೈಜಿಗೋಸ್ಕರ ಇವನ್ನು ಅಳಿಸಬೇಡಿ, ದಯವಿಟ್ಟು.

ಇನ್ನೊಂದು ವಿಷಯ. 2015ರ ಜುಲೈ 31ರ ಮಧ್ಯರಾತ್ರಿ ಎರಡು ದೇಶಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡ ಮೇಲೂ ದಹಗ್ರಾಮ್–ಅಂಗರಪೋತಾ ಬಾಂಗ್ಲಾದೇಶದ ತುಂಡಾಗಿಯೇ ಭಾರತದೊಳಗೆ ಉಳಿದಿದೆ. ಈಗಿನ ಗಡಿಯ ಲೇಯರ್ ಮಾಡುವಾಗ ಎಲ್ಲ ತೂತೂ ಮುಚ್ಚಿಬಿಡಬೇಡಿ. ಅಲ್ಲಿಗೆ ಹೋಗುವ ತೀನ್ ಬಿಘಾ ದಾರಿಯನ್ನು ಬಾಂಗ್ಲಾದೇಶಕ್ಕೆ ಗುತ್ತಿಗೆ ಕೊಟ್ಟಿದ್ದಾರೆ ಅಷ್ಟೇ, ನೆಲ ಭಾರತದ್ದು. ಅದನ್ನು ಬಾಂಗ್ಲಾದೇಶದ ಪಾಲಿಗಾನ್‌ಗೆ ಅಂಟಿಸಿದರೆ ತಪ್ಪು.

ಕೇಳಿದವರು:
ಅಯ್ಯೋ, ಅಂಟಿಸಿಯೇಬಿಟ್ಟಿದ್ದೆ. ಈಗ ಬಿಡಿಸಿದೆ. ಎರಡು ದೇಶಗಳ ಇಂಟರ್‌ಸೆಕ್ಷನ್ (ಎರಡರಲ್ಲೂ ಬರುವ ಭಾಗ) ತೆಗೆದು ನೋಡಿದೆ, ಎಲ್ಲೂ ಒಂದರ ಮೇಲೊಂದು ಬಿದ್ದಿಲ್ಲ. ದಹಲಾ ಕಾಣುತ್ತಿದೆ. ತುಂಬಾ ಥ್ಯಾಂಕ್ಸ್ ಸರ್.