ಪಿಕಪ್‌ಗೆ ಹೊಸ ಟೈರ್: ಹಾಕಿಸಿದವರು ಅನುಭವ ಹೇಳಿ

ನನ್ನದು ಬೊಲೆರೊ ಪಿಕಪ್. ಸೀಸನ್‌ನಲ್ಲಿ ದಿನಾ ಮುಳಬಾಗಿಲಿನಿಂದ ಕೋಲಾರ ಮಂಡಿಗೆ ಟೊಮೆಟೊ ಲೋಡ್. ಹಿಂದಿನ ಎರಡೂ ಟೈರ್ ಸವೆದಿವೆ. ಒಂದೊಂದು ಅಂಗಡಿಯವರು ಒಂದೊಂದು ಹೇಳುತ್ತಾರೆ. ಯಾವುದು ಹಾಕಿಸಲಿ ಅಣ್ಣಂದಿರೇ?

– ಕಂಪನಿ ಯಾವುದು ಅನ್ನೋದು ಆಮೇಲೆ ಅಣ್ಣಾ. ನಾನು ಏಮಾರಿದ್ದು ಮೊದಲು ಕೇಳಿ. ನನ್ನ ಪಿಕಪ್‌ಗೆ 215/75 ಆರ್15. ಜನ ಓಡಾಡುವ ಬೊಲೆರೊಗೂ ಅದೇ ಸೈಜ್. ಅಂಗಡಿಯವನು ಆ ಬೊಲೆರೊದ ಟೈರನ್ನೇ ಹಾಕಿ ಕಳಿಸಿದ. ರೇಟ್ ಕಮ್ಮಿ ಅಂತ ನಾನೂ ಖುಷಿಯಾಗಿ ಬಂದೆ. ಎರಡೇ ತಿಂಗಳು. ಒಂದು ದಿನ ಪಂಕ್ಚರ್ ಅಂಗಡಿ ಹುಡುಗ ಚಕ್ರ ಬಿಚ್ಚಿ ಒಳಮಗ್ಗುಲು ತೋರಿಸಿದ. ನಿಂಬೆಹಣ್ಣಿನಷ್ಟು ಬುಗುಟು ಎದ್ದಿತ್ತು!

ಸೈಜ್ ಪಕ್ಕದ ನಂಬರ್ ನೋಡಿರಲಿಲ್ಲ ನಾನು. 100 ಅಂತಿತ್ತು. ಅಂದರೆ ಒಂದು ಟೈರ್ ಹೊರುವುದು 800 ಕೆ.ಜಿ. ಅದು 106 ಇದ್ದರೆ 950, 110 ಇದ್ದರೆ 1,060. ಆಮೇಲೆ ವೇಬ್ರಿಡ್ಜ್‌ಗೆ ಹಿಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿದೆ. 15 ಕೆ.ಜಿ.ಯ 85 ಬಾಕ್ಸ್ ಇತ್ತು. 1,860 ಬಂತು. ಒಂದು ಟೈರ್ ಮೇಲೆ 930. ಪಾಪ, ಟೈರ್ ತಾನೇ ಏನು ಮಾಡುತ್ತದೆ?

ಈಗ ಎಲ್‌ಟಿ, ಅಂದರೆ ಲೈಟ್ ಟ್ರಕ್, ಅಂತ ಬರೆದಿರೋದೇ ಬೇಕು ಅಂತ ಹಠ ಹಿಡಿಯುತ್ತೇನೆ. 108ಕ್ಕಿಂತ ಕೆಳಗೆ ಮುಟ್ಟುವುದಿಲ್ಲ. ಖಾಲಿ ಬರುವಾಗ ಗಾಡಿ ಸ್ವಲ್ಪ ಕುಣಿಯುತ್ತದೆ, ಅಭ್ಯಾಸವಾಗಿದೆ. ಹಾಗಂತ ಗಾಳಿ ಮಾತ್ರ ಅಂದಾಜಿನಲ್ಲಿ ಹಿಡಿಸಬೇಡಿ. ಕಂಪನಿ ಸ್ಟಿಕ್ಕರ್‌ನಲ್ಲಿ ಲೋಡ್ ಇದ್ದಾಗ ಎಷ್ಟು ಅಂತ ಇರುತ್ತದೆ, ಅಷ್ಟೇ ಇರಲಿ. ಕಮ್ಮಿಯಾದರೆ ಟೈರ್ ಬಿಸಿಯೇರುತ್ತದೆ, ಸಿಡಿಯೋದೂ ಉಂಟು.

– ನಾನು ಸಕಲೇಶಪುರದ ಕಡೆಯವನು. ಕಾಫಿ ತೋಟದೊಳಗಿನ ಕೆಸರಿಗೆ ಹಿಂದೆ ದಪ್ಪ ಬಟನ್ ಟೈರ್ ಇಲ್ಲದೆ ಆಗುವುದಿಲ್ಲ. ಆದರೆ ಹೈವೇಗೆ ಬಂದರೆ ಗುಂಯ್ ಅಂತ ಒಂದೇ ಸದ್ದು, ಬೇಗ ಸವೆತ ಬೇರೆ. ನಿಮ್ಮದು ಟಾರ್ ರೋಡ್ ಅಲ್ವಾ? ಉದ್ದ ಗೆರೆಯದ್ದೇ ಸಾಕು, ಸುಮ್ನೆ ಜಾಸ್ತಿ ದುಡ್ಡು ಯಾಕೆ?

– ತಾರೀಖು ನೋಡದೆ ದುಡ್ಡು ಕೊಡಬೇಡಿ ಅಣ್ಣಾ. ಟೈರ್ ಪಕ್ಕೆಯಲ್ಲಿ ಡಾಟ್ (DOT) ಅಂತ ಶುರುವಾಗುವ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2324 ಅಂದರೆ 2024ರ 23ನೇ ವಾರ ತಯಾರಾಗಿದ್ದು. ನನಗೊಮ್ಮೆ ನಾಲ್ಕು ವರ್ಷ ಗೋಡೌನ್‌ನಲ್ಲಿ ಬಿದ್ದಿದ್ದನ್ನು ಹೊಸದು ಅಂತ ಕೊಡಲು ನೋಡಿದರು. ಎರಡೂ ಟೈರ್ ಒಂದೇ ಥರ ಇರಲಿ.

– ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಟಾರ್ಚ್ ಹಿಡಿದು ಗಾಡಿ ಕೆಳಗೆ ನುಗ್ಗಿ ಸ್ಟೆಪ್ನಿ ನೋಡಿದೆ. 1116 ಅಂತಿದೆ! ಎರಡಲ್ಲ, ಮೂರು ತರಬೇಕು.